‘ರಿಗರಸ್’ ಎಂದರೆ ಬರೀ ಕಠಿಣವಲ್ಲ

ಕೋರ್ಟಿನ ಸುದ್ದಿ ಓದುವವರಿಗೆಲ್ಲ ‘ಮೂರು ವರ್ಷ ಕಠಿಣ ಸಜೆ’ ಎಂಬ ಮಾತು ಪರಿಚಿತ. ಇಂಗ್ಲಿಷ್ ಪತ್ರಿಕೆಗಳಲ್ಲಿ ಇದೇ ‘ರಿಗರಸ್ ಇಂಪ್ರಿಸನ್‌ಮೆಂಟ್’. 1860ರ ಭಾರತೀಯ ದಂಡಸಂಹಿತೆ ಸಜೆಯನ್ನು ಎರಡು ಬಗೆಯಾಗಿ ವಿಂಗಡಿಸಿತ್ತು. ಕೈದಿಯಿಂದ ಶ್ರಮದ ಕೆಲಸ ಮಾಡಿಸುವುದು ಕಠಿಣ ಸಜೆ. ಅದಿಲ್ಲದ್ದು ಸಾದಾ ಸಜೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಈ ವಿಂಗಡಣೆಯನ್ನು ಹಾಗೆಯೇ ಉಳಿಸಿಕೊಂಡಿದೆ.

ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ‘ರಿಗರಸ್’ ಎಂಬ ವಿಶೇಷಣ ಮೊದಲು ಸಿಗುವುದೇ ಈ ಜೈಲಿನ ಬಾಗಿಲಲ್ಲಿ. ಹಾಗಾಗಿ ಅದರ ಜೊತೆಗೆ ‘ಕಠಿಣ’ ಎಂಬ ಒಂದೇ ಅರ್ಥ ಮನಸ್ಸಿನಲ್ಲಿ ಕೂತುಬಿಡುತ್ತದೆ. ಮುಂದೆ ಕಾಲೇಜಿನ ಪುಸ್ತಕದಲ್ಲಿ ‘ರಿಗರಸ್ ಪ್ರೂಫ್’, ‘ರಿಗರಸ್ ಅನಾಲಿಸಿಸ್’ ಎಂದು ಕಂಡಾಗ ‘ಕಷ್ಟದ ಸಾಧನೆ’, ‘ಕಠಿಣ ವಿಶ್ಲೇಷಣೆ’ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಪದ ತಪ್ಪಿದರೆ ವಿಷಯವೂ ತಪ್ಪುತ್ತದೆ.

ಮೂಲದಲ್ಲಿ ಬಿಗಿತ

ಈ ಪದದ ಬೇರು ಲ್ಯಾಟಿನ್ನಿನ ‘ರಿಗರ್’. ಅರ್ಥ ಬಿಗಿತ, ಸೆಟೆತ. ‘ರಿಜಿಡ್’ ಇದರ ಒಡಹುಟ್ಟು. ಸತ್ತ ಮೇಲೆ ದೇಹ ಸೆಟೆದುಕೊಳ್ಳುವುದನ್ನು ವೈದ್ಯರು ‘ರಿಗರ್ ಮಾರ್ಟಿಸ್’ ಎನ್ನುತ್ತಾರೆ. ಚಳಿಜ್ವರದ ನಡುಕಕ್ಕೂ ವೈದ್ಯರ ಭಾಷೆಯಲ್ಲಿ ಇದೇ ಹೆಸರು. ಸಡಿಲ ಬಿಡದಿರುವುದು ಎಂಬ ಭಾವದಿಂದಲೇ ಮುಂದೆ ಎರಡು ಅರ್ಥಗಳು ಕವಲೊಡೆದವು. ನಿಯಮದಲ್ಲಿ ಸಡಿಲ ಬಿಡದಿದ್ದರೆ ಕಟ್ಟುನಿಟ್ಟು. ಕೆಲಸದಲ್ಲಿ ಯಾವ ಮೂಲೆಯನ್ನೂ ನೋಡದೆ ಬಿಡದಿದ್ದರೆ ಕೂಲಂಕಷ. ಒಳ್ಳೆಯ ಇಂಗ್ಲಿಷಿನಲ್ಲಿ ‘ರಿಗರಸ್’ ಬಂದಾಗ ಸಾಮಾನ್ಯವಾಗಿ ಈ ಎರಡೂ ಸೇರಿರುತ್ತವೆ.

ಎಲ್ಲಿ ಒಪ್ಪುತ್ತದೆ, ಎಲ್ಲಿ ಒಪ್ಪದು

ತರಬೇತಿ, ತಪಾಸಣೆ, ಪ್ರಯೋಗ, ತರ್ಕ, ಸಂಶೋಧನೆ, ಗುಣಮಟ್ಟ ಇವುಗಳ ಜೊತೆ ‘ರಿಗರಸ್’ ಚೆನ್ನಾಗಿ ಹೊಂದುತ್ತದೆ. ಇವೆಲ್ಲ ಒಂದು ಕ್ರಮವಿಟ್ಟುಕೊಂಡು ನಡೆಯುವ ಕೆಲಸಗಳು, ಇಲ್ಲವೇ ಅವುಗಳ ಅಳತೆಗೋಲುಗಳು. ‘ಯೋಧರಿಗೆ ರಿಗರಸ್ ಟ್ರೇನಿಂಗ್ ಇರುತ್ತದೆ’ ಎಂದರೆ ಸರಿ. ‘ನಮ್ಮ ಪಿ.ಟಿ. ಮೇಷ್ಟ್ರು ರಿಗರಸ್’ ಎಂದರೆ ಹೇಳಬೇಕೆಂದದ್ದು ತಲುಪುವುದಿಲ್ಲ. ಅಲ್ಲಿ ಬೇಕಾದದ್ದು ‘ಸ್ಟ್ರಿಕ್ಟ್’. ‘ರಿಗರಸ್ ಟೀಚರ್’ ಎಂದರೆ ಪಾಠದಲ್ಲಿ ಒಂದು ಎಳೆಯನ್ನೂ ಬಿಡದವರು ಎಂದಾಗುತ್ತದೆ. ಅವರು ತರಗತಿಯಲ್ಲಿ ನಗುನಗುತ್ತಲೇ ಇರಬಹುದು.

ಮಳೆ ಜೋರಾಗಿದ್ದರೆ ‘ಹೆವಿ’, ತಲೆನೋವು ವಿಪರೀತವಾಗಿದ್ದರೆ ‘ಸಿವಿಯರ್’. ಎರಡಕ್ಕೂ ‘ರಿಗರಸ್’ ಸಲ್ಲದು. ಪ್ರಶ್ನೆಪತ್ರಿಕೆ ಕಷ್ಟವಾಗಿದ್ದರೆ ಅದು ‘ಡಿಫಿಕಲ್ಟ್’. ಸುಲಭವಾದ ಪ್ರಶ್ನೆಪತ್ರಿಕೆಯ ಉತ್ತರಗಳನ್ನೂ ರಿಗರಸ್ ಆಗಿ ಮೌಲ್ಯಮಾಪನ ಮಾಡಬಹುದು ಎಂಬುದನ್ನು ನೆನಪಿಟ್ಟುಕೊಂಡರೆ ಈ ವ್ಯತ್ಯಾಸ ಮರೆಯುವುದಿಲ್ಲ.

ಇನ್ನೊಂದು ಗೊಂದಲ ‘ವಿಗರಸ್’ನದು. ಒಂದೇ ಅಕ್ಷರದ ಅಂತರ. ವಿಗರಸ್ ಎಂದರೆ ಹುರುಪಿನ, ಶಕ್ತಿಯುತವಾದ. ಬೆಳಿಗ್ಗೆ ಬಿರುಸಾಗಿ ಮಾಡುವ ವ್ಯಾಯಾಮ ವಿಗರಸ್. ವಾರಕ್ಕೆ ಆರು ದಿನ, ಲೆಕ್ಕವಿಟ್ಟು, ಒಂದು ಭಂಗಿಯೂ ತಪ್ಪದಂತೆ ನಡೆಸುವ ವ್ಯಾಯಾಮದ ಕ್ರಮ ರಿಗರಸ್.

ಕಾಗುಣಿತದಲ್ಲಿಯೂ ಒಂದು ಬಲೆಯಿದೆ. ಬ್ರಿಟಿಷ್ ಕ್ರಮದಲ್ಲಿ ‘ರಿಗರ್’ ಎಂಬ ನಾಮಪದ ಬರೆಯುವಾಗ ‘ಓ’ ಆದ ಮೇಲೆ ‘ಯು’ ಬರುತ್ತದೆ. ವಿಶೇಷಣವಾದೊಡನೆ ಆ ‘ಯು’ ಬಿದ್ದುಹೋಗುತ್ತದೆ. ಪದದ ಕೊನೆಯ ‘ಓ ಯು ಎಸ್’ನಲ್ಲಿರುವ ‘ಯು’ ಮಾತ್ರ ಉಳಿಯುತ್ತದೆ. ‘ಹ್ಯೂಮರ್–ಹ್ಯೂಮರಸ್’, ‘ವಿಗರ್–ವಿಗರಸ್’ ಜೋಡಿಗಳೂ ಹೀಗೆಯೇ. ಹೋಲಿಸಿ ಹೇಳುವಾಗ ‘ಮೋರ್ ರಿಗರಸ್’ ಎನ್ನಬೇಕೇ ಹೊರತು ‘ರಿಗರಸರ್’ ಎಂಬ ರೂಪವಿಲ್ಲ.

ಕನ್ನಡದಲ್ಲಿ ಹೇಳುವಾಗ

ಕನ್ನಡದಲ್ಲಿ ಈ ಒಂದು ಪದದ ಕೆಲಸವನ್ನು ಹಲವು ಪದಗಳು ಹಂಚಿಕೊಂಡಿವೆ. ಸಜೆಗೆ ಕಠಿಣ, ನಿಯಮಕ್ಕೆ ಕಟ್ಟುನಿಟ್ಟು, ಪರಿಶೀಲನೆಗೆ ಕೂಲಂಕಷ, ಬಂದೋಬಸ್ತಿಗೆ ಬಿಗಿ. ‘ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು’, ‘ವರದಿಯನ್ನು ಕೂಲಂಕಷವಾಗಿ ಪರಿಶೀಲಿಸಬೇಕು’ ಎರಡೂ ಸರಿ. ಪದಗಳನ್ನು ಅದಲುಬದಲು ಮಾಡಿ ‘ನಿಯಮವನ್ನು ಕೂಲಂಕಷವಾಗಿ ಪಾಲಿಸಬೇಕು’ ಎಂದರೆ ಕಿವಿಯೇ ಒಪ್ಪುವುದಿಲ್ಲ. ಹೊಸ ಔಷಧದ ‘ರಿಗರಸ್ ಟೆಸ್ಟ್’ ಅನ್ನು ‘ಕಠಿಣ ಪರೀಕ್ಷೆ’ ಎಂದು ಅನುವಾದಿಸಿದರೆ ಎಸ್ಸೆಸ್ಸೆಲ್ಸಿ ಗಣಿತ ನೆನಪಾದೀತು! ಅದನ್ನು ‘ಕಟ್ಟುನಿಟ್ಟಿನ, ಕೂಲಂಕಷ ಪರೀಕ್ಷೆ’ ಎಂದು ಎರಡು ಮಾತಿನಲ್ಲಿ ಹೇಳುವುದೇ ಲೇಸು.

ಕೂಲಂಕಷ ಎಂಬ ಪದವನ್ನು ‘ಕೂಲಂಕುಷ’ ಎಂದು ಬರೆಯುವವರು ಬಹಳ. ಆನೆಯ ಅಂಕುಶಕ್ಕೂ ಇದಕ್ಕೂ ನಂಟಿಲ್ಲ. ಸಂಸ್ಕೃತದಲ್ಲಿ ‘ಕೂಲ’ ಎಂದರೆ ದಡ, ‘ಕಷ’ ಎಂದರೆ ಉಜ್ಜುವ, ಸವೆಸುವ. ದಡವನ್ನು ಉಜ್ಜಿಕೊಂಡು ತುಂಬಿ ಹರಿಯುವ ಹೊಳೆಯ ಚಿತ್ರ ಈ ಪದದಲ್ಲಿದೆ. ಈ ದಡದಿಂದ ಆ ದಡದವರೆಗೆ ಒಂದಿಷ್ಟೂ ಜಾಗ ಬಿಡದಂತೆ ನೋಡಿದರೆ ಅದು ಕೂಲಂಕಷ ಪರಿಶೀಲನೆ.

ನಲವತ್ತು ಸಲ ಸರಿ

ಕಷ್ಟಕ್ಕೂ ರಿಗರ್‌ಗೂ ಇರುವ ಅಂತರವನ್ನು ಗಣಿತದಷ್ಟು ಸ್ಪಷ್ಟವಾಗಿ ತೋರಿಸುವ ವಿಷಯ ಬೇರೆ ಇಲ್ಲ. ಆಯ್ಲರ್‌ನ ಹೆಸರಿನೊಡನೆ ಬಂದಿರುವ ಒಂದು ಸೂತ್ರವಿದೆ. ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯನ್ನೂ 41ನ್ನೂ ಕೂಡಿಸಬೇಕು. ಸಂಖ್ಯೆ 0 ಆದರೆ ಉತ್ತರ 41, 1 ಆದರೆ 43, 2 ಆದರೆ 47, 3 ಆದರೆ 53. ಎಲ್ಲವೂ ಅವಿಭಾಜ್ಯ ಸಂಖ್ಯೆಗಳು. ಹೀಗೆ 39ರವರೆಗೆ, ಒಟ್ಟು ನಲವತ್ತು ಸಲ, ಅವಿಭಾಜ್ಯ ಸಂಖ್ಯೆಯೇ ಬರುತ್ತದೆ. ಹತ್ತು ಸಲ ನೋಡಿ ‘ಇದು ಸದಾ ನಿಜ’ ಎಂದು ಬರೆದ ಹುಡುಗ ಸೋಮಾರಿಯೇನಲ್ಲ. ಮೂವತ್ತು ಸಲ ನೋಡಿದವಳಂತೂ ಬಹಳ ಶ್ರಮಪಟ್ಟವಳೇ. ಆದರೆ 40 ಹಾಕಿದಾಗ ಬರುವುದು 1681. ಅದು 41ನ್ನು 41ರಿಂದ ಗುಣಿಸಿದ ಮೊತ್ತ! ಅಲ್ಲಿಗೆ ಇಡೀ ತೀರ್ಮಾನ ಕುಸಿಯುತ್ತದೆ.

ಆದ್ದರಿಂದಲೇ ಗಣಿತಜ್ಞರು ಎಷ್ಟು ಉದಾಹರಣೆ ಕೊಟ್ಟರೂ ತೃಪ್ತರಾಗದೆ ‘ರಿಗರಸ್ ಪ್ರೂಫ್’ ಕೇಳುತ್ತಾರೆ. ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯಿಂದಲೇ ಹುಟ್ಟಿರಬೇಕು, ನಡುವೆ ‘ಹಾಗಿರಬಹುದು’ ಎಂಬುದು ನುಸುಳಬಾರದು. ಔಷಧದ ಪರೀಕ್ಷೆಯಲ್ಲೂ ಇದೇ ನೀತಿ. ಒಂದು ಗುಂಪಿಗೆ ನಿಜವಾದ ಮಾತ್ರೆ, ಇನ್ನೊಂದು ಗುಂಪಿಗೆ ಅದರಂತೆಯೇ ಕಾಣುವ ಹುಸಿ ಮಾತ್ರೆ. ಯಾರಿಗೆ ಯಾವುದು ಹೋಯಿತೆಂದು ರೋಗಿಗೂ ಗೊತ್ತಿಲ್ಲ, ಕೊಟ್ಟ ವೈದ್ಯರಿಗೂ ಗೊತ್ತಿಲ್ಲ. ತಮ್ಮನ್ನು ತಾವೇ ನಂಬಿಸಿಕೊಳ್ಳಲು ಸಂದು ಬಿಡದ ಈ ಏರ್ಪಾಡು ರಿಗರಸ್.

ಮನೆಯಲ್ಲಿ ಯಾವುದು ಬೇಕು?

ಈ ವ್ಯತ್ಯಾಸ ವ್ಯಾಕರಣದ ಪುಸ್ತಕಕ್ಕಷ್ಟೇ ಸೇರಿದ್ದಲ್ಲ. ಮಕ್ಕಳ ಓದು ‘ರಿಗರಸ್’ ಆಗಿರಬೇಕೆಂದು ಬಯಸುವ ಅನೇಕ ತಂದೆತಾಯಿಯರು ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುತ್ತಾರೆ, ಟಿ.ವಿ. ಬಂದ್ ಮಾಡುತ್ತಾರೆ, ಮೊಬೈಲ್ ಕಸಿದಿಡುತ್ತಾರೆ. ಅದು ಕಟ್ಟುನಿಟ್ಟು, ತಕ್ಕಮಟ್ಟಿಗೆ ಬೇಕಾದದ್ದೇ. ಆದರೆ ಆರು ಗಂಟೆ ಕೂತು ಗೈಡಿನ ಉತ್ತರವನ್ನು ಉರುಹೊಡೆದ ಮಗುವಿನ ಓದು ಕಷ್ಟದ್ದಾಗಿರಬಹುದು, ರಿಗರಸ್ ಆಗಿರುವುದಿಲ್ಲ. ಒಂದೇ ಲೆಕ್ಕ ಮಾಡಿ, ಈ ಸಾಲು ಏಕೆ ಬಂತು, ಈ ಸೂತ್ರ ಇಲ್ಲಿ ಸಲ್ಲುತ್ತದೆಯೇ, ಉತ್ತರವನ್ನು ಹಿಂದಕ್ಕೆ ಹಾಕಿ ನೋಡಿದರೆ ತಾಳೆಯಾಗುತ್ತದೆಯೇ ಎಂದು ಕೇಳಿಕೊಂಡ ಮಗುವಿನ ಅರ್ಧ ಗಂಟೆ ರಿಗರಸ್.

ಶಿಸ್ತನ್ನು ಹೊರಗಿನಿಂದ ಹೇರಬಹುದು, ಬೆದರಿಸಿಯೂ ತರಬಹುದು. ಬಿಡದೆ ನೋಡುವ ಬುದ್ಧಿ ಮಾತ್ರ ಒಳಗೇ ಬೆಳೆಯಬೇಕು. ಅದು ಭಯದಲ್ಲಿ ಬೆಳೆಯುವುದಿಲ್ಲ. ತಪ್ಪಿದರೆ ಏಟು ಎಂದು ಹೆದರಿದ ಮಗು ತಪ್ಪನ್ನು ಮುಚ್ಚಿಡುತ್ತದೆ, ಹುಡುಕುವುದಿಲ್ಲ. ‘ಎಷ್ಟು ಹೊತ್ತು ಓದಿದೆ?’ ಎಂದು ಕೇಳುವ ಬದಲು ‘ಇದು ಹೇಗೆ ಬಂತು, ನನಗೂ ಹೇಳು ಪುಟ್ಟ’ ಎಂದು ಅಪ್ಪನೋ ಅಮ್ಮನೋ ಪಕ್ಕದಲ್ಲಿ ಕೂತರೆ, ಆ ವಿಶೇಷಣದ ಸರಿಯಾದ ಅರ್ಥವನ್ನು ನಿಘಂಟು ತೆರೆಯದೆಯೇ ಕಲಿಸಿದಂತಾಗುತ್ತದೆ.