ಬಿಸಿ ಕೂಲಂಟಿನ ದಾರಿ ಕಾಯುವ ಹೋಸ್ ಪೈಪು

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗಿ ‘ರೇಡಿಯೇಟರ್ ಹೋಸ್ ಕೊಡಿ’ ಎಂದರೆ ಸಾಲದು. ಯಾವ ಗಾಡಿ, ಯಾವ ಮಾಡೆಲ್ಲು, ಮೇಲಿನದೋ ಕೆಳಗಿನದೋ ಎಂದು ಕೇಳುತ್ತಾರೆ. ಪಳಗಿದ ಮೆಕ್ಯಾನಿಕ್ ಹಳೆಯ ಹೋಸನ್ನೇ ಕೈಯಲ್ಲಿ ಹಿಡಿದು ಬರುತ್ತಾನೆ. ಅದೇ ಸರಿಯಾದ ಕ್ರಮ. ಬಾಗು, ಉದ್ದ, ಎರಡೂ ತುದಿಯ ಬಾಯಿಯ ಅಳತೆ ಎಲ್ಲವನ್ನೂ ಬಾಯಲ್ಲಿ ಹೇಳಿ ಮುಗಿಸಲಾಗದು.

ಈ ರಬ್ಬರ್ ತುಂಡಿನ ಮೇಲೆ ಬೀಳುವ ಭಾರ ದೊಡ್ಡದು. ಕಾರಿನ ರೇಡಿಯೇಟರ್ ಮುಚ್ಚಳ ಸಾಮಾನ್ಯವಾಗಿ 1 ಬಾರ್ ಆಸುಪಾಸಿನ ಒತ್ತಡ ಹಿಡಿದಿಡುತ್ತದೆ. ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆಸಿದ ಕೂಲಂಟ್ ಸುಮಾರು 130 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿರುವುದು ಆ ಒತ್ತಡದಿಂದಲೇ. ಹೋಸ್ ಒಡೆದರೆ ಕೂಲಂಟ್ ಸೋರುವುದರ ಜೊತೆಗೆ ಒತ್ತಡವೂ ಇಳಿಯುತ್ತದೆ, ಉಳಿದದ್ದು ಕೊತಕೊತ ಕುದಿಯತೊಡಗುತ್ತದೆ. ಶಿರಾಡಿ ಘಾಟಿ ಏರುತ್ತಿರುವ ಗಾಡಿಯನ್ನು ಆಗಲೂ ನಿಲ್ಲಿಸದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದೇ ಲೆಕ್ಕ.

ಸಾಮಾನ್ಯ ಗಾಡಿಗಳಿಗೆ ಬರುವುದು ನಡುವೆ ನೂಲಿನ ಹೆಣಿಗೆಯಿರುವ ಇಪಿಡಿಎಂ ರಬ್ಬರಿನ ಹೋಸ್. ಬಿಸಿಯನ್ನೂ ಗ್ಲೈಕಾಲನ್ನೂ ಅದು ತಾಳಿಕೊಳ್ಳುತ್ತದೆ, ಆದರೆ ಎಂಜಿನ್ ಆಯಿಲ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಹಾಗಾಗಿ ಪೈಪಿಗೆ ಏರಿಸುವಾಗ ಜಾರಲೆಂದು ಗ್ರೀಸ್ ಸವರಬಾರದು, ತುಸು ಕೂಲಂಟ್ ಸವರಿದರೆ ಸಾಕು. ಸಿಲಿಕೋನ್ ಹೋಸ್ ಇನ್ನೂ ಹೆಚ್ಚಿನ ಬಿಸಿ ತಾಳುತ್ತದೆ, ಬೆಲೆಯೂ ಹೆಚ್ಚು. ದಿನವೂ ಓಡುವ ಕಾರಿಗೆ ಒಳ್ಳೆಯ ಇಪಿಡಿಎಂ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ.

ಕೆಳಗಿನ ಹೋಸನ್ನು ವಾಟರ್ ಪಂಪ್ ಎಳೆಯುವ ಕಡೆಗೆ ಜೋಡಿಸಿದ್ದರೆ, ಆ ಎಳೆತಕ್ಕೆ ಅದು ಚಪ್ಪಟೆಯಾಗಬಹುದು. ಅದಕ್ಕೆಂದೇ ಕೆಲವು ಹೋಸುಗಳ ಒಳಗೆ ಸ್ಪ್ರಿಂಗ್ ಇರುತ್ತದೆ. ಹಳೆಯದರಲ್ಲಿ ಸ್ಪ್ರಿಂಗ್ ಇದ್ದರೆ ಹೊಸದರಲ್ಲೂ ಇದೆಯೇ ಎಂದು ಒಮ್ಮೆ ಇಣುಕಿ ನೋಡಿಯೇ ಹಣ ಕೊಡಬೇಕು.

ಹೊರಗೆ ಹೊಳೆಯುವ ಹೋಸ್ ಒಳಗೆ ಹಾಳಾಗಿರಬಹುದು. ಕೂಲಂಟ್ ಮತ್ತು ಬೇರೆ ಬೇರೆ ಲೋಹಗಳ ನಡುವೆ ಹುಟ್ಟುವ ಸಣ್ಣ ವಿದ್ಯುತ್ತು ರಬ್ಬರಿನ ಒಳಮೈಯಲ್ಲಿ ಉದ್ದುದ್ದ ಸೀಳು ಬಿಡಿಸುತ್ತದೆ. ತಣ್ಣಗಿರುವಾಗ ಕ್ಲಿಪ್ಪಿನ ಪಕ್ಕದಲ್ಲೇ ಹೆಬ್ಬೆರಳು, ತೋರುಬೆರಳಿನಿಂದ ಹಿಸುಕಿ, ಆಮೇಲೆ ನಡುಭಾಗ ಹಿಸುಕಿ. ತುದಿ ಹೆಚ್ಚು ಮೆತ್ತಗಿದ್ದು, ಒಳಗೆ ಬಿರುಕು ಬಾಯಿಬಿಟ್ಟಂತೆ ಬೆರಳಿಗೆ ತಿಳಿದರೆ ಬದಲಾಯಿಸಿ.

ಇನ್ನು ಕ್ಲಿಪ್ಪು. ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸಿ ಬಿಗಿ ಮಾಡುವ ಪಟ್ಟಿಗೆ ಬ್ರಿಟನ್ನಿನ ನಿವೃತ್ತ ನೌಕಾಧಿಕಾರಿ ಲಮ್ಲೀ ರಾಬಿನ್ಸನ್ 1921ರಲ್ಲಿ ಪೇಟೆಂಟ್ ಪಡೆದರು. ಇಂದಿಗೂ ಅದೇ ನಮ್ಮ ಗ್ಯಾರೇಜುಗಳ ಆಸರೆ. ಆದರೆ ತೂತುಗಳಿರುವ ಪಟ್ಟಿ ಸಿಲಿಕೋನನ್ನು ಕೊರೆಯುತ್ತದೆ, ಅದಕ್ಕೆ ಒಳಮೈ ನುಣುಪಾಗಿರುವುದೇ ಬೇಕು. ಕಂಪನಿಯಿಂದ ಬಂದ ಸ್ಪ್ರಿಂಗ್ ಕ್ಲಿಪ್ಪನ್ನು ಕಿತ್ತೆಸೆಯುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ರಬ್ಬರ್ ಹಿಗ್ಗಿ ಕುಗ್ಗಿದಂತೆ ಅದು ತಾನೇ ಬಿಗಿ ಕಾಯ್ದುಕೊಳ್ಳುತ್ತದೆ.

ಕ್ಲಿಪ್ ಕೂರಬೇಕಾದ್ದು ಪೈಪಿನ ತುದಿಯ ಉಬ್ಬನ್ನು ದಾಟಿದ ಮೇಲೆ, ಉಬ್ಬಿನ ಮೇಲಲ್ಲ. ಉಬ್ಬಿಲ್ಲದ ನುಣುಪು ಪೈಪಿನಿಂದ ಒತ್ತಡಕ್ಕೆ ಹೋಸ್ ಜಾರಿಬರುತ್ತದೆ. 35 ಮಿಲಿಮೀಟರ್ ಪೈಪಿಗೆ 38ರ ಹೋಸ್ ತೊಡಿಸಿ ಕ್ಲಿಪ್ಪಿನಿಂದ ಅಮುಕಿದರೆ ರಬ್ಬರ್ ಮಡಿಸಿಕೊಂಡು ಆ ನಿರಿಗೆಯಲ್ಲೇ ಸೋರುತ್ತದೆ. ಎರಡು ಅಳತೆ ಸೇರಿಸಬೇಕಾದಲ್ಲಿ ಒಂದು ಬಾಯಿ ದೊಡ್ಡದು, ಇನ್ನೊಂದು ಚಿಕ್ಕದಿರುವ ರೆಡ್ಯೂಸರ್ ಹೋಸ್ ಕೇಳಿ. ಜೋಡಿಸಿ ಗಾಳಿ ತೆಗೆದ ಮೇಲೆ ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ತಣಿದ ಬಳಿಕ ಸ್ಕ್ರೂ ಕ್ಲಿಪ್ಪುಗಳನ್ನು ಮತ್ತೊಮ್ಮೆ ನೋಡಿ. ಅಲ್ಲಿಯವರೆಗೆ ಮುಚ್ಚಳಕ್ಕೆ ಕೈ ಹಾಕಬೇಡಿ.