ಗಾಮಾ ಕಿರಣಕ್ಕೆ ಮೈಲಿಗೆಯಿಲ್ಲ

ಗಾಮಾ ಕಿರಣ ಹಾಯಿಸಿದ ಈರುಳ್ಳಿ ತಿಂದರೆ ಹೊಟ್ಟೆಯೊಳಗೆ ವಿಕಿರಣ ಸೇರಿಕೊಳ್ಳುತ್ತದಂತೆ. ವಾಟ್ಸ್‌ಆ್ಯಪ್‌ನಲ್ಲಿ ಈ ಸುದ್ದಿಗೆ ಸಾವೇ ಇಲ್ಲ. ಕಳಿಸುವವರಲ್ಲಿ ಬಿ.ಎಸ್ಸಿ. ಓದಿದವರೂ ಇರುತ್ತಾರಲ್ಲ, ಕಿರಿಕಿರಿ ಅದರದ್ದು.

ವಿಕಿರಣವನ್ನು ನಮ್ಮ ಜನ ಮೈಲಿಗೆಯ ಸಾಲಿಗೆ ಸೇರಿಸಿದ್ದಾರೆ. ಸೋಕಿದ್ದೆಲ್ಲ ಮೈಲಿಗೆ, ಸೋಕಿದ್ದನ್ನು ಸೋಕಿದ್ದೂ ಮೈಲಿಗೆ. ಭೌತವಿಜ್ಞಾನದಲ್ಲಿ ಅಂಥ ಶಾಸ್ತ್ರವಿಲ್ಲ. ವಸ್ತು ವಿಕಿರಣಪಟು ಆಗಬೇಕಾದರೆ, ಅಂದರೆ ತಾನೇ ವಿಕಿರಣ ಸೂಸಬೇಕಾದರೆ, ಅದರ ಪರಮಾಣುಗಳ ನ್ಯೂಕ್ಲಿಯಸ್ಸೇ ಬದಲಾಗಬೇಕು. ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್‌ನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಕಟ್ಟಿದ ಘಟಕದಲ್ಲಿ ಈರುಳ್ಳಿ ಮೊಳೆಯದಿರಲೆಂದು ಹಾಯಿಸುವುದು ಕೋಬಾಲ್ಟ್-60ರ ಗಾಮಾ ಕಿರಣ. ಅದರ ಶಕ್ತಿ 1.17 ಮತ್ತು 1.33 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್). ಆಮ್ಲಜನಕದ ನ್ಯೂಕ್ಲಿಯಸ್ಸಿನಿಂದ ಒಂದೇ ಒಂದು ನ್ಯೂಟ್ರಾನ್ ಕೀಳಲು 15ಕ್ಕೂ ಹೆಚ್ಚು, ಇಂಗಾಲದಿಂದ ಕೀಳಲು 18ಕ್ಕೂ ಹೆಚ್ಚು ಎಂಇವಿ ಬೇಕು. ಲೆಕ್ಕ ಇಲ್ಲಿಗೇ ಮುಗಿಯಿತು. ಮೊಳಕೆಯ ಜೀವಕೋಶ ಕೆಡುತ್ತದೆ, ಈರುಳ್ಳಿಯ ನ್ಯೂಕ್ಲಿಯಸ್ಸುಗಳು ಇದ್ದಂತೆಯೇ ಇರುತ್ತವೆ.

ಮೈಲಿಗೆ ಅಂಟಿಸಬಲ್ಲ ಕಣ ಬೇರೆಯೇ ಇದೆ: ನ್ಯೂಟ್ರಾನ್. ವಿದ್ಯುದಂಶವಿಲ್ಲದ ಇದಕ್ಕೆ ನ್ಯೂಕ್ಲಿಯಸ್ಸಿನ ಬಾಗಿಲಲ್ಲಿ ತಡೆಯಿಲ್ಲ. 1934ರಲ್ಲಿ ರೋಮ್‌ನಲ್ಲಿ ಎನ್ರಿಕೊ ಫರ್ಮಿಯ ತಂಡ ಒಂದಾದ ಮೇಲೊಂದು ಧಾತುವನ್ನು ನ್ಯೂಟ್ರಾನಿನಿಂದಲೇ ವಿಕಿರಣಪಟು ಮಾಡಿ ತೋರಿಸಿತು. ಹಾಗಂತ ಇದೂ ಸೋಕಿದ್ದನ್ನೆಲ್ಲ ಕೆಡಿಸುವುದಿಲ್ಲ. ವೇಗದ ನ್ಯೂಟ್ರಾನ್ ಕಬ್ಬಿಣದ ನ್ಯೂಕ್ಲಿಯಸ್ಸಿಗೆ ಬಡಿದು, ಒಂದಿಷ್ಟು ಶಕ್ತಿ ಕೊಟ್ಟು, ದಿಕ್ಕು ಬದಲಿಸಿ ಹೊರಟುಹೋಗುತ್ತದೆ. ನ್ಯೂಕ್ಲಿಯಸ್ ಆ ಶಕ್ತಿಯನ್ನು ಕ್ಷಣವೂ ಇಟ್ಟುಕೊಳ್ಳದೆ 0.847 ಎಂಇವಿ ಗಾಮಾ ಕಿರಣವಾಗಿ ಹೊರಹಾಕುತ್ತದೆ. ಇಂಗಾಲವಾದರೆ 4.44. ದ್ರವ ಸಾರಜನಕದಲ್ಲಿ ತಂಪಾಗಿಸಿದ ಜರ್ಮೇನಿಯಂ ಶೋಧಕದಲ್ಲಿ ಈ ಗೆರೆಗಳನ್ನು ಓದಿಯೇ ನ್ಯೂಕ್ಲಿಯಸ್ಸಿನೊಳಗಿನ ಶಕ್ತಿಯ ಮೆಟ್ಟಿಲುಗಳನ್ನು ಗುರುತಿಸುವುದು. ಇಷ್ಟೆಲ್ಲ ಆದಮೇಲೂ ಆ ಕಬ್ಬಿಣ ಅದೇ ಕಬ್ಬಿಣ. ಜಲಜನಕ ನ್ಯೂಟ್ರಾನನ್ನು ನುಂಗಿಯೇ ಬಿಟ್ಟರೂ 2.22 ಎಂಇವಿ ಕಿರಣ ಬಿಟ್ಟು ಡ್ಯೂಟೀರಿಯಂ ಆಗುತ್ತದೆ, ಅದೂ ಸ್ಥಿರ. ಚಿನ್ನ ನುಂಗಿದರೆ ಮಾತ್ರ 2.7 ದಿನ ಅರ್ಧಾಯುವಿನ ವಿಕಿರಣಪಟು ಚಿನ್ನ-198.

ಕೋಬಾಲ್ಟ್-60 ಹುಟ್ಟುವುದೂ ಹೀಗೆಯೇ, ರಿಯಾಕ್ಟರಿನಲ್ಲಿ ಸಾಧಾರಣ ಕೋಬಾಲ್ಟ್ ನ್ಯೂಟ್ರಾನ್ ನುಂಗಿದಾಗ. ಮೈಲಿಗೆಯಾದದ್ದು ಉಕ್ಕಿನ ಕೊಳವೆಯೊಳಗೆ ಭದ್ರವಾಗಿರುವ ಆ ಲೋಹ, ಎದುರಿನ ಈರುಳ್ಳಿಯಲ್ಲ. ಆಹಾರಕ್ಕೆ ಗಾಮಾ ಹಾಯಿಸಲು ಅನುಮತಿಯಿದೆ, ನ್ಯೂಟ್ರಾನ್ ಹಾಯಿಸಲು ಇಲ್ಲ. ನಿಯಮ ಬರೆದವರಿಗೆ ವ್ಯತ್ಯಾಸ ಗೊತ್ತಿತ್ತು.

ವಿಕಿರಣ ಅಳೆಯುವ ಗೈಗರ್ ಕೌಂಟರ್ ಟಿಕ್ ಎಂದರೆ ಎಲ್ಲೋ ಸೋರಿಕೆ ಎನ್ನುವವರು ತಮ್ಮ ಮೈಯಲ್ಲೇ ವಿಕಿರಣಪಟು ಪೊಟ್ಯಾಸಿಯಂ-40 ಇದೆಯೆಂದು ತಿಳಿದರೆ ಸಾಕು.

ತಮಾಷೆ ಇನ್ನೊಂದಿದೆ. ಈರುಳ್ಳಿಗೆ ಹೆದರುವ ಕೊರಳಲ್ಲೇ '5ಜಿ ತಡೆಯುವ' ಪೆಂಡೆಂಟ್ ತೂಗುವುದುಂಟು. 2021ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ ಇಂಥ ಹತ್ತು ಸರಕುಗಳು ನಿಜಕ್ಕೂ ವಿಕಿರಣ ಸೂಸುತ್ತವೆ, ತೊಡಬೇಡಿ ಎಂದು ಎಚ್ಚರಿಸಿತು. 'ಋಣ ಅಯಾನ್' ಹೆಸರಿನಲ್ಲಿ ಮಾರುವ ಹಲವು ಪೆಂಡೆಂಟುಗಳಲ್ಲಿ ವಿಕಿರಣಪಟು ಥೋರಿಯಂ ಇರುವ ಖನಿಜದ ಪುಡಿ ಇರುತ್ತದೆ. ನಿಮ್ಮ ಮನೆಯಲ್ಲೂ ಯಾರಾದರೂ ತೊಟ್ಟಿದ್ದರೆ ಇವತ್ತೇ ತೆಗೆಸಿ. ಈರುಳ್ಳಿ ಧಾರಾಳವಾಗಿ ತಿನ್ನಲಿ.