ಹಾಡು ಒಂದೇ, ಪಂಕ್ತಿ ಯಾಕೆ ಎರಡು?

ಡಿಗ್ರಿ ಎರಡನೇ ವರ್ಷದಲ್ಲಿ ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಕ್ಯಾಂಪ್ ಹಳ್ಳಿಯೊಂದರಲ್ಲಿ ನಡೆಯಿತು. ಏಳು ದಿನ, ಬೆಳಿಗ್ಗೆ ಶ್ರಮದಾನ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ. ಸಮಾರೋಪಕ್ಕೆ ನಾವು ಎಂಟು ಹುಡುಗಿಯರು ಸೇರಿ ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ’ ಗೀತೆ ಹಾಡುವುದೆಂದು ತೀರ್ಮಾನವಾಯಿತು.

ಹಾಡು ಕಲಿಸಿದ ಕನ್ನಡ ಮೇಡಂ ಅದರ ಹಿನ್ನೆಲೆಯನ್ನೂ ಹೇಳಿದರು. 1924ರ ಡಿಸೆಂಬರ್, ಬೆಳಗಾವಿಯ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಏಕೈಕ ಅಧಿವೇಶನ ಅದು. ಆಗ ಕನ್ನಡಿಗರು ಮುಂಬೈ, ಮದ್ರಾಸ್ ಪ್ರಾಂತ್ಯಗಳಲ್ಲಿ, ಮೈಸೂರು, ಹೈದರಾಬಾದ್ ಸಂಸ್ಥಾನಗಳಲ್ಲಿ, ಕೊಡಗಿನಲ್ಲಿ ಹಂಚಿಹೋಗಿದ್ದರು. ಗದಗಿನ ವಕೀಲರಾಗಿದ್ದ ನಾರಾಯಣರಾಯರ ಹಾಡು ಅಲ್ಲಿ ಮೊಳಗಿದಾಗ ದೇಶದ ಸ್ವಾತಂತ್ರ್ಯದ ಕನಸಿನ ಜೊತೆ ಕನ್ನಡ ನಾಡು ಒಂದಾಗುವ ಕನಸೂ ದನಿ ಪಡೆಯಿತು. ರಾಜ್ಯ ಒಂದಾಗಲು ಮತ್ತೆ 32 ವರ್ಷ ಬೇಕಾಯಿತು.

ಅದೇ ಅಧಿವೇಶನದಲ್ಲಿ ಗಾಂಧೀಜಿ ಎದುರು ಹಾಡಿದವರಲ್ಲಿ 11 ವರ್ಷದ ಗಂಗೂಬಾಯಿ ಹಾನಗಲ್ ಕೂಡ ಇದ್ದರು. ಕೆಳಜಾತಿಯವಳೆಂದು ಊಟದ ನಂತರ ಎಂಜಲೆಲೆ ತೆಗೆಸುತ್ತಾರೇನೋ ಎಂಬ ಅಂಜಿಕೆ ತಮ್ಮನ್ನು ಕಾಡಿತ್ತೆಂದು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ.

‘ಪಾಪ, ಆ ಕಾಲ ಹಾಗಿತ್ತು’ ಎಂದುಕೊಂಡೆ ನಾನು. ನಮ್ಮ ತಂಡದ ಮುಖ್ಯ ದನಿಯಾಗಿದ್ದ ಗೆಳತಿ ಮಾತ್ರ ಏನೂ ಹೇಳದೆ ಕೂತಿದ್ದಳು.

ಮರುದಿನ ಊರಿನ ಮನೆಯೊಂದರಲ್ಲಿ ನಮಗೆ ಊಟ. ಹೊಸ್ತಿಲಲ್ಲೇ ಅಜ್ಜಿ ‘ನೀವ್ಯಾವ ಮಂದಿ ಯವ್ವಾ?’ ಎಂದು ಒಬ್ಬೊಬ್ಬರನ್ನೇ ಕೇಳಿದರು. ಗೆಳತಿ ನಿಜ ಹೇಳಿದಳು. ಅವಳ ತಾಟು ಹೊರಗಿನ ಕಟ್ಟೆಗೆ ಬಂತು. ನಾವು ಏಳು ಜನ ಒಳಗೆ, ಅವಳೊಬ್ಬಳು ಹೊರಗೆ. ಎದ್ದು ಹೋಗಬೇಕು ಅನ್ನಿಸಿತು. ಆದರೂ ತಲೆ ತಗ್ಗಿಸಿ ರೊಟ್ಟಿ ಮುಗಿಸಿದೆ.

ಸಂಜೆ ಅಭ್ಯಾಸಕ್ಕೆ ಕೂತಾಗ ಹಾಡು ಏಳಲೇ ಇಲ್ಲ. ಗೆಳತಿ ‘ಗಂಟಲು ಕಟ್ಟೇತಿ’ ಎಂದಳು. ರಾತ್ರಿ ಅವಳ ಪಕ್ಕ ಕೂತು ‘ತಪ್ಪಾತು’ ಎಂದೆ.

‘ಹಾಡುವಾಗ ನನ್ನ ದನಿ ನಿಮ್ಮ ದನಿಯೊಳಗ ಸೇರತೈತಿ. ಆಗ ಯಾರೂ ಮೈಲಿಗೆ ಅನ್ನಂಗಿಲ್ಲ. ಊಟಕ್ಕ ಕುಂತಾಗಷ್ಟ ಯಾಕ?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಬೆಳಿಗ್ಗೆ ಏಳೂ ಜನ ಕ್ಯಾಂಪ್ ಆಫೀಸರ್ ಬಳಿ ಹೋಗಿ, ಇನ್ನು ಯಾರ ಮನೆಗೂ ಊಟಕ್ಕೆ ಹೋಗುವುದಿಲ್ಲ ಎಂದೆವು. ಅಂದಿನಿಂದ ಶಾಲೆಯ ಜಗುಲಿಯಲ್ಲಿ ನಾವೇ ಅನ್ನ ಸಾರು ಮಾಡಿಕೊಂಡು ಎಂಟೂ ಜನ ಒಂದೇ ಸಾಲಿನಲ್ಲಿ ಕೂತು ಉಂಡೆವು. ಗೆಳತಿಯ ಗಂಟಲು ತಾನಾಗಿಯೇ ಬಿಚ್ಚಿಕೊಂಡಿತು.

ಸಮಾರೋಪದ ದಿನ ನಮ್ಮ ಜೊತೆ ಶಾಲೆಯ ಮಕ್ಕಳೂ ದನಿಗೂಡಿಸಿದರು. ಸಭೆಯಲ್ಲಿ ಆ ಅಜ್ಜಿ ಕೂಡ ತಲೆದೂಗುತ್ತಿದ್ದರು. ಅವರು ಬದಲಾದರೋ ಇಲ್ಲವೋ ಗೊತ್ತಿಲ್ಲ. ಮೊದಲು ಬದಲಾಗಬೇಕಿದ್ದವಳು ನಾನು.

ಎಂಜಲೆಲೆಯ ಅಂಜಿಕೆಯಲ್ಲಿ ಹಾಡಿದ್ದ ಆ ಬಾಲಕಿ ಮುಂದೆ ಕಿರಾನಾ ಘರಾಣೆಯ ದೊಡ್ಡ ಗಾಯಕಿಯಾದರು, 2002ರಲ್ಲಿ ಪದ್ಮವಿಭೂಷಣ ಪಡೆದರು. ಈಗ ನಾನು ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಪಿಜಿಯಲ್ಲಿ ಬೀದರ್, ಚಾಮರಾಜನಗರದ ಗೆಳತಿಯರಿದ್ದಾರೆ. ಕರೆಂಟ್ ಹೋದರೆ ಸಾಕು, ಯಾರಾದರೊಬ್ಬರು ಹಾಡು ಶುರು ಮಾಡುತ್ತಾರೆ, ಉಳಿದವರು ಸೇರಿಕೊಳ್ಳುತ್ತೇವೆ. ಸಂಗೀತ ನಮ್ಮನ್ನು ಒಂದಾಗಿಸುತ್ತದೆ, ಅದು ನಿಜ. ಹಾಡು ಮುಗಿದ ಮೇಲೂ ಒಂದೇ ಸಾಲಿನಲ್ಲಿ ಕೂರುವುದು ಮಾತ್ರ ನಮ್ಮ ಕೈಯಲ್ಲೇ ಇದೆ.